ಎಪ್ಪತ್ತು ಸಾವಿರಕ್ಕೆ ಒಂದು ಮುಷ್ಟಿ ಕಡಿಮೆ

ಹುಣಸೆಹಣ್ಣಿನಿಂದ ಬಿಡಿಸಿದ ಬೀಜ ತಟ್ಟೆಗೆ ಬೀಳುವ ಸದ್ದು ಯಾರ ಮನೆಯಲ್ಲೂ ಕೇಳುವಂಥದ್ದೇ. ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿ ವರ್ಷದ ಹುಣಸೆಹಣ್ಣನ್ನು ಹರಡಿಕೊಂಡು ಕೂತಿದ್ದಾಗ ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನಾನು ಪುಸ್ತಕ ಮುಚ್ಚಿಟ್ಟೆ. ಟಕ್, ಟಕ್, ತುಸು ತಡೆದು ಮತ್ತೆ ಟಕ್. ಪ್ರತಿ ಸದ್ದಿನ ಮೊದಲು ತುಟಿಯಲ್ಲೇ ಹುಟ್ಟಿ ತುಟಿಯಲ್ಲೇ ಮುಗಿಯುವ ಒಂದು ಸಾಲು ಇರಬೇಕಿತ್ತು. ಇರಲಿಲ್ಲ. ಬರಿಯ ಬೀಜ ಬೀಳುತ್ತಿತ್ತು. ಹೇಳದೆ ಬಿದ್ದ ಬೀಜದ ಸದ್ದು ಹೇಗಿರುತ್ತದೆ ಎಂದು ನನಗೆ ಗೊತ್ತು, ಅಥವಾ ಗೊತ್ತು ಎಂದುಕೊಂಡು ಇಷ್ಟು ವರ್ಷ ಕಳೆದಿದ್ದೇನೆ.

ನಾವುಂದದ ನಮ್ಮ ಮನೆ ಹೆದ್ದಾರಿಯ ಪಡುವಣ ಬದಿಗಿತ್ತು. ಹಂಚಿನ ಮಾಡು, ಉದ್ದನೆಯ ಜಗಲಿ, ಪಕ್ಕದ ಅಂಗಳದಿಂದ ಬರುವ ಒಣಮೀನಿನ ವಾಸನೆ, ಅದರ ಮೇಲೊಂದು ತೆಳು ಪದರದಂತೆ ಲೋಬಾನದ ಹೊಗೆ. ಒಳಗೆ ಉರ್ದು, ಅಂಗಳ ದಾಟಿದರೆ ಕುಂದಾಪ್ರ ಕನ್ನಡ. ನನ್ನ ದಾದಿ, ಅಬ್ಬನ ತಾಯಿ, ಎರಡನ್ನೂ ಬೇಕಾದಲ್ಲಿ ಬೇಕಾದ ಹಾಗೆ ಆಡುತ್ತಿದ್ದಳು. ಆಕೆಯ ಬಾಯಿ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಅಕ್ಕಿ ಆರಿಸುವಾಗ, ಕಾಯಿ ತುರಿಯುವಾಗ, ಬಾವಿಯ ಹಗ್ಗ ಎಳೆಯುವಾಗ ಅಲ್ಲಾಹನ ನೆನಪು ಉಸಿರಿನ ಜೊತೆಗೇ ಹೋಗಿ ಬರುತ್ತಿತ್ತು. "ಸುಬ್ಹಾನಲ್ಲಾಹ್, ಸುಬ್ಹಾನಲ್ಲಾಹ್, ಥೂ, ಈ ಬೆಕ್ಕ್ ಮೀನಿಗ್ ಬಾಯಿ ಹಾಕ್ತ್ ಕಾಣ್, ಸುಬ್ಹಾನಲ್ಲಾಹ್." ಇದಕ್ಕೆ ಝಿಕ್ರ್ ಎನ್ನುತ್ತಾರೆಂದು ನಮಗೆ ಮದರಸದಲ್ಲಿ ಕಲಿಸಿದ್ದರು. ಮನೆಯಲ್ಲಿ ಅದಕ್ಕೆ ಹೆಸರೇ ಬೇಕಿರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಯೂಸುಫ್ ಚಾಚಾ ಕಡಲಿಗೆ ಹೋದವರು ಬರಲಿಲ್ಲ. ಅಬ್ಬನ ತಮ್ಮ ಅವರು; ಮದುವೆ ಇನ್ನೂ ಆಗಿರಲಿಲ್ಲ. ದೋಣಿ ಮಗುಚಿದಾಗ ಉಳಿದವರು ಈಜಿ ದಡ ಸೇರಿದರು, ಅವರಲ್ಲಿ ಪಕ್ಕದ ಮನೆಯ ಗುಲಾಬಕ್ಕನ ಗಂಡನೂ ಇದ್ದರು. ಚಾಚಾನ ಮಯ್ಯತ್ತು ಸಿಗಲಿಲ್ಲ. ಸ್ನಾನ ಮಾಡಿಸಲು ದೇಹವಿಲ್ಲ, ಹಿಡಿ ಮಣ್ಣು ಹಾಕಲು ಗುಂಡಿಯಿಲ್ಲ. ಹದಿನೈದು ದಿನ ಕಾದ ಮೇಲೆ ದಾದಿ ಎದ್ದು ಮುಖ ತೊಳೆದು ಹೇಳಿದಳು: "ಬೇರೆ ಎಂತದೂ ಕೊಡೂಕ್ ಆಯ್ಲಿಲ್ಲ. ಕಲಿಮಾ ಆದ್ರೂ ಕೊಡ್ವ." ತೀರಿಹೋದವರ ಹೆಸರಿನಲ್ಲಿ 'ಲಾ ಇಲಾಹ ಇಲ್ಲಲ್ಲಾಹ್' ಎಂದು ಎಪ್ಪತ್ತು ಸಾವಿರ ಸಲ ಹೇಳಿ ಅರ್ಪಿಸಿದರೆ ಅವರಿಗೆ ನರಕದ ಬೆಂಕಿ ತಾಗುವುದಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಆ ಲೆಕ್ಕಕ್ಕೆ ಗಟ್ಟಿ ಆಧಾರವಿಲ್ಲ ಎನ್ನುವ ಧರ್ಮಪಂಡಿತರೂ ಇದ್ದಾರೆಂದು ನಾನು ಯೂನಿವರ್ಸಿಟಿಗೆ ಹೋದ ಮೇಲೆ ಓದಿದೆ. ಓದಿ ಹಗುರಾಗಬೇಕೆಂದು ಬಯಸಿದೆ, ಆಗಲಿಲ್ಲ.

ಬೀಜ ಕೊಟ್ಟವಳು ಗುಲಾಬಕ್ಕ. ಮೀನು ಮಾರಿ ಬಂದು ಬುಟ್ಟಿ ಇಳಿಸಿದವಳು ಸೆರಗಿನಲ್ಲಿ ಕಟ್ಟಿದ ಹುಣಸೆ ಬೀಜವನ್ನು ಜಗಲಿಯ ಚಾಪೆಗೆ ಸುರಿಯುತ್ತಿದ್ದಳು. "ಹ್ವಾಯ್ ಬೂಬಮ್ಮ, ಕಾಣಿ. ನಿಮ್ಗ್ ಬೀಜ ಕೂಡ್ಸೂಕ್ ಹೋಯಿ ನಮ್ಮನಿ ಸಾರ್ ದಿನಾ ಹುಳಿ. ನಮ್ಮವ್ರ್ ಬೈತ್ರ್." ನಗಿಸಬೇಕೆಂದೇ ಅಂದದ್ದು. ದಾದಿ ಬೀಜವನ್ನು ಬೊಗಸೆಯಲ್ಲಿ ತೂಗುತ್ತಾ, "ಬೈಲಿ ಬಿಡ್ ಗುಲಾಬಿ. ಬೈಯೂಕಾದ್ರೂ ಅವ್ರ್ ಮನಿಗ್ ಬಂದಿರಲ್ದಾ?" ಎಂದಳು. ಮರುದಿನವೂ ಗುಲಾಬಕ್ಕ ಬೀಜ ತಂದಳು, ಆದರೆ ಮೆಟ್ಟಿಲ ಮೇಲೆ ಇಟ್ಟು ಹೋದಳು.

ಸಾವಿರ ಬೀಜ ಎಣಿಸಿ ಒಂದು ಬುಟ್ಟಿಗೆ ಹಾಕಿದ್ದರು, ಎದುರಿಗೆ ಇನ್ನೊಂದು ಖಾಲಿ ಬುಟ್ಟಿ. ಅಸರ್ ನಮಾಜಿನ ನಂತರ, ಬಿಸಿಲು ಜಗಲಿಗೆ ಓರೆಯಾಗಿ ಬೀಳುವ ಹೊತ್ತಿಗೆ, ದಾದಿ, ಅಮ್ಮಿ, ನನ್ನ ಅಕ್ಕ ಜುಬೇದಾ ಆಪಾ ಮತ್ತು ನಾನು ಸುತ್ತ ಕೂರುತ್ತಿದ್ದೆವು. ಅಬ್ಬ ಮುಂಬೈಯಿಂದ ಬಂದವರು ಕೆಲಸಕ್ಕೆಂದು ಮರಳಿ ಹೋಗಿಯಾಗಿತ್ತು. ಒಂದು ಬೀಜ ಎತ್ತಬೇಕು, ಒಮ್ಮೆ ಹೇಳಬೇಕು, ಆಚೆ ಬುಟ್ಟಿಗೆ ಹಾಕಬೇಕು. ಬುಟ್ಟಿ ಬರಿದಾದರೆ ಸಾವಿರ. ಆಗ ದಾದಿ ಗೋಡೆ ತಡವಿಕೊಂಡು ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು; ಅವಳ ಕಣ್ಣಿಗೆ ಪೊರೆ ಬಂದಿತ್ತು. ಮೊದಲ ದಿನಗಳಲ್ಲಿ ಆ ಸಾಲು ನನ್ನನ್ನು ಎಲ್ಲಿಗೋ ಒಯ್ಯುತ್ತಿತ್ತು. ನಾಲ್ಕು ದನಿ ಬೇರೆಬೇರೆಯಾಗಿ ಶುರುವಾಗಿ ಯಾವುದೋ ಗಳಿಗೆಯಲ್ಲಿ ಒಂದೇ ಆಗುತ್ತಿದ್ದವು. ನನ್ನ ದನಿ ಯಾವುದೆಂದು ನನಗೇ ತಿಳಿಯುತ್ತಿರಲಿಲ್ಲ. ಇದೊಂದನ್ನು ನಾನು ಈಗಲೂ ಅನುಮಾನಿಸುವುದಿಲ್ಲ.

ಆಮೇಲೆ ಕಾಲು ಜೋಮು ಹಿಡಿಯತೊಡಗಿತು. ಗೋಡೆಯಲ್ಲಿ ಐವತ್ತಕ್ಕೂ ಹೆಚ್ಚು ಗೀಟು ಬಿದ್ದಿದ್ದ ಒಂದು ದಿನ ದಡದಲ್ಲಿ ಕೈರಂಪಣಿ ಬಲೆ ಎಳೆಯುವ ಕೂಗು ಕೇಳಿತು. ಅಮ್ಮಿ ಒಳಗಿದ್ದಳು, ಆಪಾ ಎಲ್ಲಿದ್ದಳೋ. ನಾನು ಒಂದು ಮುಷ್ಟಿ ಬೀಜ ಬಾಚಿ, ಸದ್ದಾಗದಂತೆ ಆಚೆ ಬುಟ್ಟಿಯ ಬೀಜದೊಳಗೆ ಕೈ ಇಳಿಸಿ ಬಿಟ್ಟೆ. ದಾದಿ ಖಾಲಿ ಬುಟ್ಟಿಯೊಳಗೆ ಬೆರಳಾಡಿಸಿ, "ಆಯ್ತಾ ಮಗಾ?" ಎಂದಳು. "ಆಯ್ತ್ ದಾದಿ." ಅವಳು ಗೀಟು ಎಳೆದಳು. ನಾನು ಓಡಿದೆ. ಇಷ್ಟೇ. ಒಂದು ಮುಷ್ಟಿಯೋ ಎರಡೋ, ಸದ್ದು ನಿಜಕ್ಕೂ ಆಗಲಿಲ್ಲವೋ, ಅವಳ ಬೆರಳು ಬುಟ್ಟಿಯ ತಳದಲ್ಲಿ ಒಂದು ಕ್ಷಣ ನಿಂತದ್ದು ನಾನು ಕಂಡದ್ದೋ ಆಮೇಲೆ ಸೇರಿಸಿಕೊಂಡದ್ದೋ, ಹೇಳಲಾರೆ. ನೆನಪನ್ನು ಹೊರತೆಗೆದಷ್ಟು ಸಲವೂ ಅದನ್ನು ಹೊಸದಾಗಿ ಕಟ್ಟಿ ಒಳಗಿಡುತ್ತೇವೆ ಎಂದು ನಾನೇ ಕ್ಲಾಸಿನಲ್ಲಿ ಪಾಠ ಮಾಡಿದವನು.

ನಲವತ್ತನೆಯ ದಿನ ಎಪ್ಪತ್ತು ಗೀಟು ತುಂಬಿದವು. ಸಾಲಿಗೆ ಹತ್ತರಂತೆ ಏಳು ಸಾಲು. ದುವಾ ಮಾಡಿ, ಸಕ್ಕರೆ ಹಂಚಿ, ಚಾಚಾನ ಹೆಸರಿಗೆ ಒಪ್ಪಿಸಿದರು. ಆದರೆ ದಾದಿ ಬೀಜದ ಬುಟ್ಟಿ ಎತ್ತಿಡಲಿಲ್ಲ. ಮತ್ತೆ ನಾಲ್ಕು ವರ್ಷ, ತೀರಿಹೋಗುವವರೆಗೂ, ಒಬ್ಬಳೇ ಕೂತು ಹೇಳುತ್ತಲೇ ಇದ್ದಳು. ದುಃಖದಲ್ಲಿ ಬಂದ ಅಭ್ಯಾಸ ಎಂದುಕೊಂಡೆವು. ಹೆದ್ದಾರಿ ಅಗಲವಾದಾಗ ಮನೆಯನ್ನು ಒಡೆದರು. ಆಗ ನಾನು ದೂರದಲ್ಲಿದ್ದೆ, ನಂಬಿಕೆಯಿಂದಲೂ ಊರಿನಿಂದಲೂ. ಈಗ ಜಗಲಿ ಇದ್ದ ಜಾಗದಲ್ಲಿ ಲಾರಿಗಳು ಹೋಗುತ್ತವೆ.

ಆ ತಟ್ಟೆಯ ಸದ್ದು ಕೇಳಿದ ವಾರವೇ ನಾನು ಬೈಂದೂರಿಗೆ, ಆಪಾನ ಮನೆಗೆ ಹೋದೆ. ಅವಳು ಚಹಾ ಇಟ್ಟು ಎದುರಿಗೆ ಕೂತ ಮೇಲೆ ಮುಷ್ಟಿ ಬೀಜದ ಕಥೆ ಹೇಳಿದೆ. ಅವಳು ಜೋರಾಗಿ ನಕ್ಕಳು.

"ಒಂದ್ ಮುಷ್ಟಿಯಾ? ನಾನ್ ಮೂರ್ ಸಲ ಹಾಕಿದ್ದೆ ಮಾರಾಯಾ! ನೀನೊಬ್ನೇ ದೊಡ್ಡ ಕಳ್ಳ ಅಂದ್ಕಂಡಿದ್ಯಾ?"

ನಾನೂ ನಕ್ಕೆ. ಅವಳು ನಗು ನಿಲ್ಲಿಸಿ ಲೋಟ ಕೆಳಗಿಟ್ಟಳು. "ದಾದಿಗ್ ಗೊತ್ತಿತ್ತ್. ಮನಿ ಒಡೂಕ್ ಮುಂಚೆ ಕಪಾಟ್ ಸರ್ಸ್ದಾಗ ನಾನ್ ಕಂಡಿದ್ದೆ. ಕಪಾಟಿನ ಹಿಂದೆ, ಕೈ ಹೋಪಷ್ಟ್ ದೂರ, ಗೋಡಿ ತುಂಬ ಗೀಟ್. ನಮ್ಗ್ ಕಾಂಬುಕಾಗ ಅಂದೇಳಿ ಅಲ್ಲ್ ಹಾಕಿದ್ಲ್. ಕಡಿಕಡಿದೆಲ್ಲ ಸೊಟ್ಟ."

"ಎಷ್ಟಿತ್ತ್?"

"ನಾನ್ ಎಣ್ಸ್ಲಿಲ್ಲ."

ಆಪಾ ಸುಳ್ಳು ಹೇಳುವವಳಲ್ಲ, ಆದರೆ ಸಮಾಧಾನ ಹೇಳುವವಳು. ನೋಡಿ ಖಚಿತ ಮಾಡಿಕೊಳ್ಳಲು ಗೋಡೆಯೇ ಇಲ್ಲ. ಒಂದು ವೇಳೆ ಅದು ನಿಜವಾದರೆ ನನಗೆ ಸಮಾಧಾನವೂ ಇಲ್ಲ. ಮಕ್ಕಳನ್ನು ಒಂದು ಮಾತೂ ಬೈಯದೆ, ನಾವು ಕದ್ದದ್ದು ಎಷ್ಟೆಂದು ತಿಳಿಯದೆ, ಇಷ್ಟಕ್ಕೆ ಸಾಕು ಎಂದು ಎಲ್ಲೂ ನಿಲ್ಲಲಾರದೆ ಆ ಮುದುಕಿ ಹೇಳುತ್ತಲೇ ಹೋದಳು. ಮಗ ಇನ್ನೂ ಬೆಂಕಿಯಲ್ಲಿದ್ದಾನೆ ಎಂಬ ಅನುಮಾನದಲ್ಲೇ ಅವಳು ಕಣ್ಣು ಮುಚ್ಚಿದಳೇ? ಆ ಅನುಮಾನ ಕೊಟ್ಟವನು ನಾನೇ? ಬೆಂಕಿಯನ್ನು ನಾನು ನಂಬುವುದಿಲ್ಲ. ಅವಳು ನಂಬಿದ್ದಳು.

"ಒಂದ್ ಸಾವ್ರ ಹೇಳ್ಬಿಡ್. ತಲಿ ಭಾರ ಇಳೀತ್ತ್," ಎಂದಳು ಆಪಾ.

"ನಂಬ್ದೆ ಹೇಳ್ರೆ ಅದೂ ಹೇಳ್ದೆ ಹಾಕಿದ್ ಬೀಜವೇ ಅಲ್ದಾ ಆಪಾ?"

"ನಂಬ್ದೆ ಇದ್ದವ ಇಷ್ಟ್ ವರ್ಷ ಇದನ್ನ್ ಯಾಕ್ ಹೊತ್ಕಂಡ್ ತಿರ್ಗ್ದೆ?"

"ನೀನ್ ಹೇಳ್. ನಾನ್ ಎಣ್ಸ್ತೆ," ಎಂದೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದಳು.

ನಾನು ಬೆರಳ ಗೆಣ್ಣುಗಳಲ್ಲಿ ಎಣಿಸತೊಡಗಿದೆ. ಅವಳ ದನಿ ಮೊದಲು ಒಡೆದಂತಿತ್ತು, ನೂರು ದಾಟುವ ಹೊತ್ತಿಗೆ ನಯವಾಯಿತು. ಅದರೊಳಗೆ ಅಮ್ಮಿಯ ದನಿ ಕೇಳಿದಂತಾಯಿತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಣಿಸುವುದಷ್ಟೇ ನನ್ನ ಕೆಲಸ. ಇನ್ನೂರು ಆಯಿತು, ಮುನ್ನೂರು ಆಯಿತು. ಎಲ್ಲೋ ಒಂದು ಕಡೆ, ಯಾವಾಗ ಎಂದು ತಿಳಿಯದಂತೆ, ನಾನು ಎಣಿಸುವುದನ್ನು ಬಿಟ್ಟು ಕೇಳತೊಡಗಿದ್ದೆ. ಎಚ್ಚರವಾದಾಗ ಹೆಬ್ಬೆರಳು ಉಂಗುರಬೆರಳಿನ ಮೇಲಿತ್ತು. ನಾನೂರ ನಲವತ್ತೋ ಐನೂರ ನಲವತ್ತೋ ಗೊತ್ತಾಗಲಿಲ್ಲ. ಆಪಾ ನೀರು ಕುಡಿಯಲು ನಿಲ್ಲಿಸಿದಳು.

"ಎಷ್ಟಾಯ್ತ್?"

ಯಾವ ಸಂಖ್ಯೆ ಹೇಳಿದ್ದರೂ ಅವಳು ನಂಬುತ್ತಿದ್ದಳು.

"ತಪ್ಪಿಹೋಯ್ತ್ ಆಪಾ. ಎಲ್ಲಿ ತಪ್ಪಿತ್ ಗೊತ್ತಿಲ್ಲೆ."

ಅವಳು ಬೈಯಲಿಲ್ಲ, ನಗಲೂ ಇಲ್ಲ. "ಅಕ್ಕ್, ಅಡ್ಡಿಲ್ಲೆ," ಎಂದು ಲೋಟ ಬದಿಗಿಟ್ಟು ಕಣ್ಣು ಮುಚ್ಚಿ ಮೊದಲಿನಿಂದ ಶುರು ಮಾಡಿದಳು. ನಾನು ಕಿರುಬೆರಳಿನ ಮೊದಲ ಗೆಣ್ಣಿಗೆ ಹೆಬ್ಬೆರಳು ಒತ್ತಿದೆ.