ಸಂತ ತೊಮಾಸನ ಪಾಲು

ನಮ್ಮ ಎರ್ನಾಂದಾರಿಯಾಸ್‌ ಊರಿನಲ್ಲಿ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ದೆವ್ವಗಳೂ ನೆರಳು ಹುಡುಕುತ್ತವೆ. ಆ ಹೊತ್ತಿನಲ್ಲೇ ನನ್ನ ತಮ್ಮನ ಹೆಂಡತಿ ನಿಮಿಯಾ ಹಿತ್ತಲಿನ ಶೆಡ್ಡಿಗೆ ಹೋಗಿ ಕೂರುತ್ತಿದ್ದಳು. ಶೆಡ್ಡಿನ ತುಂಬ ಬಿಟ್‌ಕಾಯಿನ್ ಗಳಿಸುವ ಯಂತ್ರಗಳು. ಯಂತ್ರ ನೆರೆಯವರದು, ಜಾಗ ಅವಳದು. ಅವುಗಳನ್ನು ನಡೆಸುವ ಪ್ರೋಗ್ರಾಂ ಬರೆದವನು ನನ್ನ ತಮ್ಮ ಇಸಾಸಿಯೊ. ಅವನು ಸತ್ತು ವರ್ಷವಾಗುತ್ತ ಬಂದಿತ್ತು.

ಗಂಟೆಗೊಮ್ಮೆ ಫ್ಯಾನುಗಳ ಆರ್ಭಟ ಇಳಿದು ಶೆಡ್ಡು ತುಸು ಹೊತ್ತು ಸುಮ್ಮನಾಗುತ್ತಿತ್ತು. "ಬಂದ್ರಾ? ಕೂತ್ಕೊಳ್ಳಿ," ಎನ್ನುತ್ತಿದ್ದಳು ನಿಮಿಯಾ, ಖಾಲಿ ಕುರ್ಚಿಗೆ. ಬಾಗಿಲ ಸಂದಿಯಿಂದ ಕೇಳಿಸಿಕೊಂಡ ನನಗೆ ಆ ಸೆಖೆಯಲ್ಲೂ ಮೈ ಜುಮ್ಮೆಂದಿತ್ತು.

ಪ್ರೋಗ್ರಾಮಿನ ಒಳಗೇನಿದೆಯೆಂದು ಇಸಾಸಿಯೊ ಯಾರಿಗೂ ತೋರಿಸಿರಲಿಲ್ಲ. ಹೀಗೆ ಮುಚ್ಚಿಟ್ಟ ಪ್ರೋಗ್ರಾಮುಗಳಲ್ಲಿ ಬರೆದವನು ಗಳಿಕೆಯ ಒಂದು ಪಾಲು ಗುಟ್ಟಾಗಿ ಎತ್ತಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಯಂತ್ರ ಯಾಕೆ ಸುಮ್ಮನಾಗುತ್ತದೆಂದು ಕೇಳಿದರೆ ಅವನು ತೆರೆರೆಯೆಂಬ ತಣ್ಣನೆಯ ಸೊಪ್ಪಿನ ಪಾನೀಯ ಹೀರುತ್ತ ನಗುತ್ತಿದ್ದ. "ಅದು ಸಂತ ತೊಮಾಸನ ಪಾಲು." ತೆರೆರೆ ಸೊಪ್ಪಿನ ಮೇಲೆ ಸುರಿದ ಮೊದಲ ತಣ್ಣೀರನ್ನು ನಾವು ಕುಡಿಯುವುದಿಲ್ಲ, ಆ ಸಂತನಿಗೆ ಬಿಡುತ್ತೇವೆ. ಇವನು ಸಂತನ ಹೆಸರು ಹೇಳಿ ತನ್ನ ಜೇಬಿಗೆ ಇಳಿಸುತ್ತಾನೆ ಎಂದೇ ಜನ ತಿಳಿದರು.

ಅವನು ಸತ್ತು ವರ್ಷ ತುಂಬಿದ ದಿನ ಪ್ರಾರ್ಥನೆ ಮುಗಿದು ಚಿಪಾ ರೊಟ್ಟಿ ಹಂಚುವಾಗ ನೆರೆಮನೆಯ ಡೆರ್ಲಿಸ್ ನಾಲಿಗೆ ಹರಿಬಿಟ್ಟ. ಶೆಡ್ಡಿನ ಅರ್ಧ ಯಂತ್ರಗಳು ಅವನವೇ.

"ಸತ್ತ ಮೇಲೂ ನಿಮ್ಮ ಯಜಮಾನ್ರ ಕೈ ನಮ್ಮ ಜೇಬಲ್ಲೇ ಇದೆ ಅಕ್ಕಾ. ಪ್ರೋಗ್ರಾಂ ಬಿಚ್ಚಿ ತೋರ್ಸಿ, ಎಲ್ರೂ ಓದ್ಲಿ."

ಚಿಪಾ ಬುಟ್ಟಿಯನ್ನು ಅವನ ತಲೆಯ ಮೇಲೆ ಕವುಚಬೇಕೆನಿಸಿತು ನನಗೆ. ನಿಮಿಯಾ ನನ್ನ ಕೈ ಹಿಡಿದಳು. "ಬಿಚ್ಚಿದ್ರೆ ಆ ಬಿಡುವನ್ನ ತೆಗ್ದುಹಾಕ್ತಾರೆ. ಆಮೇಲೆ ಅವ್ರು ಬರಲ್ಲ ಅತ್ತಿಗೆ."

"ಬಿಚ್ಚದಿದ್ರೆ ಅವ್ನು ಕಳ್ಳನಾಗೇ ಉಳೀತಾನಲ್ಲೇ," ಎಂದೆ.

ಎರಡು ದಿನ ಅವಳು ಶೆಡ್ಡಿನಲ್ಲೇ ಕಳೆದಳು. ಮೂರನೆಯ ದಿನ ಗಂಡನ ಕಂಪ್ಯೂಟರ್ ತೆರೆದು, ಅವನು ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದುವಂತೆ ಹೊರಗಿಟ್ಟಳು.

ಡೆರ್ಲಿಸ್ ಅಂಗಳದಲ್ಲಿ ನಿಂತೇ ಓದಿ ಕತ್ತು ತುರಿಸಿಕೊಂಡ. "ಯಾರ ಖಾತೆಗೂ ಏನೂ ಹೋಗ್ತಿಲ್ಲ. ಆ ಹೊತ್ತಲ್ಲಿ ಯಂತ್ರಗಳು ಬರೀ ದಣಿವಾರಿಸ್ಕೊಳ್ತವೆ. ಕಾವು ಇಳೀಲಿ ಅಂತ, ಅಷ್ಟೆ."

"ಮೊದಲ ನೀರನ್ನ ಯಾರು ಕುಡೀತಾರೋ ಗೂಬೆ? ಸೊಪ್ಪು ನೆನೀಲಿ ಅಂತ ಬಿಡೋದು ಅದು. ಅವ್ನು ನಿಜಾನೇ ಹೇಳಿದ್ದ!" ಎಂದು ನಾನು ಬೈದೆ.

"ಬಿಡಿಸಿ ಹೇಳಿದ್ರೆ ಅವತ್ತೇ ತೆಗೆಸ್ತಿದ್ವಲ್ಲ," ಎಂದ, ಒಂದಿಷ್ಟೂ ನಾಚಿಕೆಯಿಲ್ಲದೆ. "ಸುಮ್ನೆ ಕೂತ ಯಂತ್ರ ಏನು ದುಡಿಯುತ್ತೆ?"

ಆ ಬಿಡುವನ್ನು ತೆಗೆಯುವುದು ಈಗ ಯಾರಿಗೂ ಕಷ್ಟವಿರಲಿಲ್ಲ. ಸಂಜೆಯೊಳಗೆ ತೆಗೆದರು.

ತಮ್ಮನ ಹೆಸರಿಗೆ ಅಂಟಿದ ಕೊಳೆ ಹೋಯಿತು. ಮರುದಿನ ಮಧ್ಯಾಹ್ನ ನಾನೂ ಶೆಡ್ಡಿಗೆ ಹೋದೆ. ನಿಮಿಯಾ ತೆರೆರೆಯ ಕೊಂಬಿನ ಲೋಟಕ್ಕೆ ಮೊದಲ ನೀರು ಸುರಿದು, ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದಳು. ಗಂಟೆ ಕಳೆಯಿತು. ಆರ್ಭಟ ಇಳಿಯಲೇ ಇಲ್ಲ. ಅವಳ ತುಟಿ ಅಲುಗಿತು, ಆ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದೆ.

"ಇವತ್ತು ಸತ್ರು ಅತ್ತಿಗೆ," ಎಂದಳು.