ಬೂಟು ಕಾಯ್ದಾಕಿ

ಬ್ರಿಟಿಷರ ಆಳಿಕಿ ಇದ್ದಾಗ ಹಿರೇಕೆರೂರಾಗ ಒಂದು ದವಾಖಾನಿ ಕಟ್ಟಾಕತ್ತಿದ್ವಿ. ನಾನು ಸುಣ್ಣದ ಗಾರಿ ಹೊರೋ ಹೆಣ್ಣಾಳು. ಚಪ್ಲಿ ಮೆಟ್ಟಿಕೊಂಡು ಹತ್ತಿದ ಗೌಂಡಿ ಒಬ್ಬ ಬಿದಿರಿನ ಅಟ್ಟಣಿಗಿ ಮ್ಯಾಲೆ ಚೆಲ್ಲಿದ ಹಸಿ ಗಾರಿಗೆ ಜಾರಿ ಕೆಳಗ ಬಿದ್ದು ಸೊಂಟ ಮುರಕೊಂಡ. ಆಮ್ಯಾಲೆ ನಮ್ಮ ಓವರ್‌ಸೀಯರ್ ಸಾಹೇಬ್ರು, ಇನ್ನ ಚಪ್ಲಿ ಹಾಕ್ಕೊಂಡು ಯಾರೂ ಹತ್ತಬಾರದು ಅಂತ ಕಾಯ್ದೆ ಮಾಡಿದ್ರು. ನಿಚ್ಚಣಿಕಿ ಬುಡಕ ನನ್ನ ಕಾವಲಿಗೆ ಹಾಕಿದ್ರು. ನಾನೂ ಫೌಜದಾರನಂಗ ನಿಂತೆ.

ಒಂದಿನ ಧಾರವಾಡದಿಂದ ದೊಡ್ಡ ಸಾಹೇಬ್ರು ಕೆಲಸ ನೋಡಾಕ ಬಂದ್ರು. ಬೂಟುಗಾಲು ಸೀದಾ ನಿಚ್ಚಣಿಕಿ ಮ್ಯಾಲೆ ಇಟ್ರು. ಓವರ್‌ಸೀಯರ್ ಕೈ ಮುಗಿದು ಬಾಜೂಕ ಸರದ್ರು. ನಾನ ಅಡ್ಡ ನಿಂತೆ.

"ಬೂಟು ಬಿಚ್ರಿ, ಸಾಹೇಬ್ರ. ಚಪ್ಲಿ ಹಾಕ್ಕೊಂಡು ಹತ್ತಬಾರದಂತ ಕಾಯ್ದೆ ಐತಿ."

"ಕಾಯ್ದೆ ಚಪ್ಲಿಗೆ ಐತಂತಲ್ಲ, ಬೂಟಿಗೆಲ್ಲೈತಿ?" ಅಂದ್ರು.

"ಹಸಿ ಗಾರಿಗೆ ಅದೆಲ್ಲಾ ತಿಳೀತೈತೇನ್ರಿ?"

ಇವತ್ತಿಗೆ ನನ್ನ ಕೆಲಸ ಹೋತು ಅಂದ್ಕೊಂಡೆ. ಸಾಹೇಬ್ರು ನನ್ನ ಮಾರಿ ನೋಡಿದ್ರು, ಕಲ್ಲಿನ ಮ್ಯಾಲೆ ಕುಂತು ಬೂಟು ಬಿಚ್ಚಿದ್ರು. ಹರಿದ ಕಾಲಚೀಲದಾಗಿಂದ ಹೆಬ್ಬಟ್ಟು ಹಣಿಕಿ ಹಾಕಾಕತ್ತಿತ್ತು.

"ಅವೂ ಜಾರ್ತಾವ್ರಿ," ಅಂದೆ.

ಅವನ್ನೂ ಬಿಚ್ಚಿ, ಬೂಟು ಕಾಲಚೀಲ ಎರಡೂ ನನ್ನ ಕೈಯಾಗ ಕೊಟ್ಟು, ಬರಿಗಾಲಲೆ ಹತ್ತಿ, ಎಲ್ಲಾ ನೋಡಿ, ಸುಸೂತ್ರ ಇಳಿದು ಬಂದ್ರು.

ಊರಾಗ ಇನ್ನೂ ನನಗ ಸಾಹೇಬರ ಬೂಟು ಕಾಯ್ದಾಕಿ ಅಂತಾರ. ಅನ್ನಲಿ ಬಿಡ್ರಿ. ನಾ ಕಾಯ್ದದ್ದು ಬೂಟಲ್ಲ, ಸಾಹೇಬ್ರನ್ನ.