ಕೆಡಿಸಿ ನೋಡುವ ಜಯಶೀಲಕ್ಕ

ಇವತ್ತು ಬೆಳಿಗ್ಗೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕೆ.ಆರ್. ಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ರಿವೈಂಡಿಂಗ್ ಅಂಗಡಿಯಿಂದ ಸುಟ್ಟ ಮೋಟಾರಿನ ವಾಸನೆ ಬಂತು. ನಿಮಗೂ ಗೊತ್ತಿರಬಹುದು ಆ ವಾಸನೆ: ವಾರ್ನಿಷ್ಷು, ತಾಮ್ರ, ದೂಳು ಎಲ್ಲ ಕೂಡಿ ಕರಕಲಾದದ್ದು. ನಮ್ಮ ಕಡೆ ಅದು ಮೂಗಿಗೆ ಬಡಿಯಿತೆಂದರೆ ಯಾರದೋ ಗದ್ದೆಗೆ ನೀರು ತಪ್ಪಿತೆಂದೇ ಲೆಕ್ಕ. ಉಳಿದವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಅಲ್ಲೇ ನಿಂತೆ. ಮೊದಲ ಕೆಲಸ ಅಂದರೆ ಕೆಲವರಿಗೆ ಹೊಸ ಚಪ್ಪಲಿ ನೆನಪಾಗುತ್ತದೆ, ಕೆಲವರಿಗೆ ಕ್ಯಾಂಟೀನಿನ ಕಾಫಿ. ನನಗೆ ನೆನಪಾಗುವುದು ಸುಟ್ಟ ಮೋಟಾರು.

ನಮ್ಮ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ ಊರಾಚೆಯ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೊಬೈಲಿನಿಂದ ಪಂಪ್‌ಸೆಟ್ ನಡೆಸುವ ಡಬ್ಬ ತಯಾರಾಗುತ್ತಿತ್ತು. ಕರೆಂಟು ಯಾವ ಹೊತ್ತಿಗೆ ಬರುತ್ತದೋ ಯಾವ ಹೊತ್ತಿಗೆ ಹೋಗುತ್ತದೋ, ರೈತ ಮನೆಯಲ್ಲೇ ಕೂತು ಫೋನು ಒತ್ತಿದರೆ ತೋಟದ ಮೋಟಾರು ತಿರುಗುತ್ತದೆ. ಒಳ್ಳೆಯ ಯೋಚನೆ. ಯಜಮಾನ ಚಂದ್ರಶೇಖರ್ ಕೂಡ ಒಳ್ಳೆಯವರೇ. ಇಂಜಿನಿಯರು, ನಗುಮುಖ, ಕೈ ಧಾರಾಳ. ಇಲ್ಲದಿದ್ದದ್ದು ತಾಳ್ಮೆ. "ಟೆಸ್ಟಿಂಗ್ ಅಂತ ಬೇರೆ ಯಾಕೆ? ಹೊಲದಲ್ಲೇ ಟೆಸ್ಟ್ ಆಗುತ್ತೆ," ಎನ್ನುತ್ತಿದ್ದರು.

ಆಯಿತು, ಹೊಲದಲ್ಲೇ ಟೆಸ್ಟ್ ಆಯಿತು. ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರನ್ನು ನಿಲ್ಲಿಸಬೇಕಾದ ಡಬ್ಬ ಶುರುವಿನಲ್ಲೊಮ್ಮೆ ನೋಡಿ ಆಮೇಲೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮೋಟಾರುಗಳು ಸಾಲಾಗಿ ಸುಟ್ಟವು. ಫೋನು ಎತ್ತುವುದು ನನ್ನ ಕೆಲಸ. ಜನ್ಮದಲ್ಲಿ ಕೇಳದ ಮಾತುಗಳನ್ನು ಆ ಬೇಸಿಗೆಯಲ್ಲಿ ಕೇಳಿದೆ. "ಏನವ್ವಾ, ನಿಮ್ ಡಬ್ಬ ನಮ್ ಮೋಟ್ರನ್ನೇ ನುಂಗಾಕ್ಬುಡ್ತಲ್ಲವ್ವಾ! ಕಬ್ಬು ಒಣಗ್ತಾ ಐತೆ, ನಿಮ್ ಸಾಹೇಬ್ನ ಕರ್ಕಂಬಂದು ನೀರ್ ಒಯ್ಸು!" ಎಂದು ಒಬ್ಬಾತ ಕೂಗಿದರೆ, ಇನ್ನೊಬ್ಬಾತ ಬೈಯುವುದಕ್ಕೂ ಮನಸ್ಸಿಲ್ಲದೆ ಸುಮ್ಮನೆ ಉಸಿರು ಬಿಡುತ್ತಿದ್ದ. ಆ ಉಸಿರು ಬೈಗುಳಕ್ಕಿಂತ ಕಷ್ಟ. ಮಾರಿದ ಡಬ್ಬಗಳು ಗೊಬ್ಬರದ ಚೀಲಗಳಲ್ಲಿ ವಾಪಸು ಬಂದವು. ಮೋಟಾರುಗಳ ರಿಪೇರಿ ನಮ್ಮ ತಲೆಗೆ ಬಂತು, ಸಂಬಳ ತಡವಾಯಿತು. ಅದೆಲ್ಲ ಹೇಗೋ ತೀರುವಂಥದ್ದು. ತೀರದ್ದು ಹೆಸರು. ನಮ್ಮ ಡಬ್ಬದ ಬಣ್ಣ ನೀಲಿ. ನಾಗಮಂಗಲದ ಅಂಗಡಿಯವನೊಬ್ಬ ನೀಲಿ ಬಣ್ಣದ ಯಾವ ಸಾಮಾನನ್ನೂ ಇಟ್ಟುಕೊಳ್ಳುವುದಿಲ್ಲ ಅಂದುಬಿಟ್ಟ.

ಆಗ ಬಂದವಳು ಜಯಶೀಲಕ್ಕ.

ಹೊಸಹೊಳಲಿನ ಹತ್ತಿರದ ಊರು, ಒಕ್ಕಲು ಮನೆ. ಕೆ.ಆರ್. ಪೇಟೆಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪ್ರಯೋಗ ಮಾಡಿಸಿದ್ದಳು. ಕಾಲೇಜಿನವರು ವಿಜ್ಞಾನ ವಿಭಾಗವನ್ನೇ ಮುಚ್ಚಿದಾಗ ಅಳುತ್ತ ಕೂರದೆ, ಸಂಜೆ ಹೊತ್ತು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಅಮ್ಮ ಹೊಸ ಕೆಲಸದ ಇಂಟರ್‌ವ್ಯೂಗೆ ಬಂದಿದ್ದಳು. ಅಲ್ಲಿ ಅವಳು ಹಾಕಿದ ಷರತ್ತು ಒಂದೇ.

"ನಾನು ಬ್ಯಾಡ ಅಂದ್ರೆ ಡಬ್ಬ ಶೆಡ್ಡಿಂದ ಆಚೆಗೆ ಓಗ್ಬಾರ್ದು ಸಾರ್."

ಚಂದ್ರಶೇಖರ್ ನಕ್ಕು "ಆಯ್ತಮ್ಮ" ಅಂದರು. ವಾಪಸು ಬಂದ ಚೀಲಗಳ ನಡುವೆ ಕೂತಿದ್ದ ಮನುಷ್ಯ ಯಾವುದಕ್ಕೆ ತಾನೇ ಆಗಲ್ಲ ಎನ್ನುತ್ತಾನೆ?

ಮೊದಲ ವಾರವೇ ನನ್ನನ್ನು ಫೋನಿನ ಮುಂದಿನಿಂದ ಎಬ್ಬಿಸಿದಳು. "ಬೈಸ್ಕಂಡಿರೋಳು ನೀನು. ಜನ ಡಬ್ಬಾನ ಎಂಗೆಂಗೆ ಬಳಸ್ತಾರೆ ಅಂತ ನಿಂಗೇ ಗೊತ್ತು. ಬಾ, ಕೆಡ್ಸಾಣ." ಹೀಗೆ ನಾನು ಟೆಸ್ಟರ್ ಆದೆ. ಮನೆಯಲ್ಲಿ ಹೇಳಿದರೆ ಸೋದರತ್ತೆ "ಟೆಸ್ಟಿಂಗಾ? ರಕ್ತದ್ದೋ ಮಣ್ಣಿಂದೋ?" ಎಂದು ಕೇಳಿದರು. ವಿವರಿಸಲು ಹೋಗಿ ಸೋತು "ಮಣ್ಣಿಂದು" ಅಂದುಬಿಟ್ಟೆ. ಎರಡು ದಿನ ಬಿಟ್ಟು ಒಂದು ಪೊಟ್ಟಣ ಕೆಮ್ಮಣ್ಣು ಕಳಿಸಿದರು.

ಅವಳ ಜೊತೆ ಕೆಲಸ ಅಂದರೆ ಒಂಥರಾ ಮಕ್ಕಳ ತುಂಟಾಟ. ಒದ್ದೆ ಬೆರಳಲ್ಲಿ ಒತ್ತು. ಒತ್ತುವಾಗಲೇ ಫೋನಿಗೆ ಕರೆ ಬರಲಿ. ಗಂಡ ಶುರು ಮಾಡಲಿ, ಹೆಂಡತಿ ಅದೇ ಕ್ಷಣ ನಿಲ್ಲಿಸಲಿ. ಸಿಗ್ನಲ್ ಸಾಯುವ ಜಾಗ ಬೇಕೆಂದು ಮೇಲುಕೋಟೆ ಬೆಟ್ಟದ ಹಿಂಭಾಗದ ಹೊಲಗಳಲ್ಲಿ ಅಲೆದೆವು. ಜನ ಅಲ್ಲಿಗೆ ದೇವರು ಸಿಗಲೆಂದು ಬರುತ್ತಾರೆ, ನಾವು ನೆಟ್‌ವರ್ಕ್ ಸಿಗದಿರಲೆಂದು ಹೋದೆವು. ಪುಳಿಯೋಗರೆ ಮಾತ್ರ ಇಬ್ಬರಿಗೂ ಒಂದೇ. ಪ್ರೋಗ್ರಾಂ ಬರೆಯುವ ಮನೋಜ ನಮ್ಮಿಬ್ಬರನ್ನು ಕಂಡರೆ ತಲೆ ಹಿಡಿದುಕೊಳ್ಳುತ್ತಿದ್ದ. ಆದರೆ ತೋರಿಸಿದ ತಪ್ಪನ್ನೆಲ್ಲ ಸರಿಮಾಡುತ್ತಿದ್ದ. ಡಬ್ಬ ದಿನೇ ದಿನೇ ಗಟ್ಟಿಯಾಯಿತು.

ಕೊನೆಗೆ ನಾಗಮಂಗಲ ತಾಲ್ಲೂಕಿನ ಒಂದು ರೈತ ಸಂಘ ಹೊಸ ಡಬ್ಬ ನೋಡಲು ಒಪ್ಪಿತು. ಅವರು ಹೂಂ ಅಂದರೆ ಕಂಪನಿ ಉಳಿಯುತ್ತದೆ, ಇಲ್ಲವಾದರೆ ಶೆಡ್ಡಿಗೆ ಬೀಗ. ಇದು ನಮಗೆಲ್ಲ ಗೊತ್ತಿತ್ತು. ಹೊರಡುವ ಹಿಂದಿನ ಮಧ್ಯಾಹ್ನ ಜಯಶೀಲಕ್ಕ ಮೇಜಿನ ಮೇಲೆ ಮೋಟಾರಿನ ಬದಲು ಒಂದು ಬಲ್ಬು ಸಿಕ್ಕಿಸಿಕೊಂಡು ಫೋನಿನಲ್ಲಿ "ನಿಲ್ಲಿಸು" ಒತ್ತುವುದು, ಆ ಕೂಡಲೇ ಸ್ವಿಚ್ಚು ಎಳೆಯುವುದು, ಮತ್ತೆ ಹಾಕುವುದು, ಇದನ್ನೇ ಮಾಡುತ್ತ ಕೂತಿದ್ದಳು. ಥಟ್ಟನೆ ನನ್ನ ಕೈ ಹಿಡಿದಳು. ಫೋನಿನಲ್ಲಿ "ಮೋಟಾರು ನಿಂತಿದೆ" ಎಂದಿದೆ. ಎದುರಿಗೆ ಬಲ್ಬು ಉರಿಯುತ್ತಿದೆ.

ಆದದ್ದು ಇಷ್ಟು. ಕರೆಂಟು ಬಂದಾಗ ಮೋಟಾರನ್ನು ತಾನೇ ಮತ್ತೆ ಶುರು ಮಾಡುವುದು ಆ ಡಬ್ಬದ ಹೆಚ್ಚುಗಾರಿಕೆ. ನಿಲ್ಲಿಸೆಂದು ನಾವು ಹೇಳಿದ್ದನ್ನು ಅದು ನೆನಪಿಗೆ ಹಾಕಿಕೊಳ್ಳುವ ಮೊದಲೇ ಕರೆಂಟು ಹೋದರೆ, ಹೇಳಿದ್ದು ಮರೆತೇಹೋಗಿ, ಕರೆಂಟು ಬಂದ ಕೂಡಲೇ ಮೋಟಾರನ್ನು ಮತ್ತೆ ತಿರುಗಿಸಿಬಿಡುತ್ತಿತ್ತು.

"ಯಾವಾಗಲೋ ಒಂದ್ಸಲ ಆಗೋದಕ್ಕ," ಎಂದ ಮನೋಜ.

"ಆ ಒಂದ್ಸಲ ಮೋಟ್ರು ವೈರಿನ ಮ್ಯಾಲೆ ಯಾರ್ ಕೈ ಇರ್ತದೆ ಮನೋಜ? ನಿಂತದೆ ಅಂತ ಫೋನೇ ಯೋಳ್ತಲ್ಲ, ಅಂತ ನಂಬ್ಕಂಡು ಕೈ ಇಟ್ಟಿರ್ತಾನೆ."

ಚಂದ್ರಶೇಖರ್ ಒಪ್ಪಲಿಲ್ಲ. ನಾಳೆ ತೋರಿಸಿಬಿಡೋಣ, ಒಪ್ಪಿಸೋಣ, ಆಮೇಲೆ ಸರಿಮಾಡೋಣ ಎಂದರು. ದನಿ ಏರಿಸಿದರು. "ಎಲ್ಲರ ಅನ್ನ ಹೋಗುತ್ತಮ್ಮಾ!" ಎಂದರು. ಅದೂ ಸುಳ್ಳಲ್ಲ. ಅವಳ ಮಗಳ ಫೀಸೂ ಆ ಅನ್ನದಲ್ಲೇ ಇತ್ತು. ಜಯಶೀಲಕ್ಕ ದನಿ ಏರಿಸಲಿಲ್ಲ.

"ನಾ ಬ್ಯಾಡ ಅಂತೀನಿ ಸಾರ್. ನೀವು ಮಾತು ಕೊಟ್ಟಿದ್ರಿ."

ಅವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ಎಷ್ಟೋ ಹೊತ್ತಿನ ಮೇಲೆ ಒಳಗೆ ಬಂದು, "ಬಲ್ಬು, ವೈರು ಎಲ್ಲ ಗಾಡಿಗೆ ಹಾಕಿ. ತಪ್ಪನ್ನೇ ತೋರಿಸೋಣ," ಎಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಮಾರನೆಯ ದಿನ ನಾಗಮಂಗಲದಾಚೆಯ ಒಂದು ಪಂಪ್‌ಹೌಸಿನ ಮುಂದೆ ಸಂಘದವರೆಲ್ಲ ಸೇರಿದ್ದರು. ಅಧ್ಯಕ್ಷರು ಪುಟ್ಟಸ್ವಾಮಿಗೌಡರು, ಮೀಸೆಯ ಹಿರಿಯರು, ಹಳೆಯ ನೀಲಿ ಡಬ್ಬದಿಂದ ಮೋಟಾರು ಸುಟ್ಟುಕೊಂಡವರು. ಚಂದ್ರಶೇಖರ್ ಕೈಮುಗಿದು, "ಇವತ್ತು ಮಾರಲು ಬಂದಿಲ್ಲ. ಇದರಲ್ಲಿ ಒಂದು ತಪ್ಪಿದೆ, ತೋರಿಸುತ್ತೇವೆ," ಎಂದರು. ಜಯಶೀಲಕ್ಕ ಒತ್ತಿದಳು, ಸ್ವಿಚ್ಚು ಎಳೆದಳು, ಹಾಕಿದಳು. ಬಲ್ಬು ಹತ್ತಲಿಲ್ಲ. ಮತ್ತೆ ಮಾಡಿದಳು, ಹತ್ತಲಿಲ್ಲ. ಡಬ್ಬ ಅಪ್ಪಟ ಸಂಭಾವಿತನಂತೆ ನಡೆದುಕೊಂಡಿತು. ಹಿಂದಿನಿಂದ ಯಾರೋ "ಸರ್ಯಾಗೇ ಐತಲ್ಲಾ, ಇವ್ರಿಗೇನಾಗೈತೆ?" ಎಂದು ಕಿಸಕ್ಕನೆ ನಕ್ಕರು. ನಮ್ಮ ಸಾಮಾನು ಕೆಡಲಿ ದೇವರೇ ಎಂದು ಕಣ್ಣು ಮುಚ್ಚಿ ಬೇಡಿಕೊಂಡ ನೌಕರರು ಈ ಜಿಲ್ಲೆಯಲ್ಲಿ ನನ್ನ ಹೊರತು ಯಾರಿದ್ದಾರೋ ಕಾಣೆ.

ಕಣ್ಣು ಬಿಟ್ಟಾಗ ನಗು ನಿಂತಿತ್ತು. ಬಲ್ಬು ಉರಿಯುತ್ತಿತ್ತು. ಜಯಶೀಲಕ್ಕ ಫೋನನ್ನು ಗೌಡರ ಕೈಗೆ ಕೊಟ್ಟಳು. ಅವರು ಫೋನನ್ನು ಓದಿದರು, ಬಲ್ಬನ್ನು ನೋಡಿದರು, ಮತ್ತೆ ಓದಿದರು.

"ನಮ್ ಐದ, ನನ್ ಮಗ, ಓದ್ವಾರ ಮೋಟ್ರು ವೈರ್ ಬದಲಾಯ್ಸ್ತಿದ್ದ," ಎಂದರು ಮೆಲ್ಲಗೆ. ಆಮೇಲೆ ಸಂಘದವರ ಕಡೆ ತಿರುಗಿ ಗುಡುಗಿದರು. "ಲೇ, ಮಾರಾಕ್ ಬಂದೋರು ತಮ್ ಸಾಮಾನಿನ ಉಳುಕು ತಾವೇ ತೋರ್ಸಿದ್ದ ಎಲ್ಲಾರ ನೋಡಿದ್ರೇನ್ಲಾ? ಓಗವ್ವಾ, ಸರಿ ಮಾಡ್ಕಂಡು ಬಾ. ಅಲ್ಲೀಗಂಟ ನಾವು ಬ್ಯಾರೇರ್ದು ತಗಳಾಕಿಲ್ಲ. ನೀನ್ ಸರಿ ಅಂದ್ರೆ ಸರಿ."

ವಾಪಸು ಬರುವಾಗ ಗಾಡಿಯಲ್ಲಿ ಮನೋಜ ದಾರಿಯುದ್ದಕ್ಕೂ ಯೋಚಿಸುತ್ತಿದ್ದ. ಪಾಂಡವಪುರ ದಾಟುವಷ್ಟರಲ್ಲಿ ಅವನಿಗೆ ದಾರಿ ಹೊಳೆದಿತ್ತು. ಮೋಟಾರು ನಿಂತಿತೆಂದು ಡಬ್ಬವೇ ಉತ್ತರ ಕೊಡುವವರೆಗೆ ಫೋನು ಹಾಗೆಂದು ಹೇಳಕೂಡದು. ಅನುಮಾನವಿದ್ದರೆ, ಕರೆಂಟು ಬಂದರೂ ಮೋಟಾರು ತಿರುಗಕೂಡದು. ಅದನ್ನು ಬರೆದ, ನಾವು ಕೆಡಿಸಿದೆವು, ತಿದ್ದಿದ, ಮತ್ತೆ ಕೆಡಿಸಿದೆವು. ಕೆಡಿಸಲು ಆಗದ ದಿನವೂ ಬಂತು. ಅದೇ ಪಂಪ್‌ಹೌಸಿನ ಮುಂದೆ ಈ ಸಲ ಗೌಡರೇ ಸ್ವಿಚ್ಚು ಹಿಡಿದರು. ಅವರ ಮಗ, ಮೊಮ್ಮಗಳು, ಪಕ್ಕದ ತೋಟದವರು, ಎಲ್ಲರೂ ಎಳೆದು ಹಾಕಿ ನೋಡಿದರು. ಬಲ್ಬು ಹತ್ತಲೇ ಇಲ್ಲ. ಕತ್ತಲಾಗಿರುವ ಬಲ್ಬಿಗೆ ಜನ ಶಿಳ್ಳೆ ಹೊಡೆದದ್ದನ್ನು ನಾನು ಕಂಡಿದ್ದು ಅಂದೇ. ಚಂದ್ರಶೇಖರ್ ಕನ್ನಡಕ ತೆಗೆದು ಒರೆಸಿಕೊಂಡರು, ಕನ್ನಡಕವನ್ನಲ್ಲ.

ಆಮೇಲಿನದು ಬೇಗ ಹೇಳಿ ಮುಗಿಯುವಂಥದ್ದು. ಗೌಡರ ಸಂಘದಿಂದ ಪಕ್ಕದ ಸಂಘಕ್ಕೆ, ನಾಗಮಂಗಲದಿಂದ ಕೆ.ಆರ್. ಪೇಟೆಗೆ, ಸುತ್ತಲಿನ ತಾಲ್ಲೂಕುಗಳ ತೋಟಗಳಿಗೆ ಡಬ್ಬ ನಡೆಯಿತು. ನಾನು ಬಿಟ್ಟ ಫೋನಿನ ಮುಂದೆ ಕೂತ ಹುಡುಗಿ ಕರೆಗಳೇ ಇಲ್ಲವೆಂದು ಸ್ವೆಟರ್ ಹೆಣೆದಳು. ಬೇರೆ ಕಂಪನಿಗಳವರೂ "ನಮ್ಮದನ್ನೂ ಒಮ್ಮೆ ಕೆಡಿಸಿ ಕೊಡಿ" ಎಂದು ಜಯಶೀಲಕ್ಕನನ್ನು ಹುಡುಕಿ ಬರತೊಡಗಿದರು. ಚಂದ್ರಶೇಖರ್ ತಾವೇ ಒತ್ತಾಸೆಯಾಗಿ ನಿಂತು ಅವಳಿಗೆ ಕೆ.ಆರ್. ಪೇಟೆಯಲ್ಲಿ ಒಂದು ಟೆಸ್ಟಿಂಗ್ ಕೇಂದ್ರ ಮಾಡಿಸಿಕೊಟ್ಟರು. ಇವತ್ತಿನಿಂದ ಅದರಲ್ಲಿ ನಾನೂ ಪಾಲುದಾರಳು.

ಬಸ್ಸು ಬಂತು, ಹತ್ತಿದೆ, ಇಳಿದೆ. ಎಣ್ಣೆ ಗಿರಣಿಯ ಮೇಲಿನ ಮಹಡಿಯಲ್ಲಿ ನಮ್ಮ ಕೇಂದ್ರ. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಂಗಸರು ಆಗಲೇ ಮೇಜುಗಳ ಮುಂದೆ ಕೂತಿದ್ದರು. ಯಾವುದೋ ಆಸ್ಪತ್ರೆಗೆ ಹೋಗಬೇಕಾದ ಯಂತ್ರ, ಡ್ರಿಪ್ ಬಾಟಲಿ ಖಾಲಿಯಾದರೆ ನರ್ಸನ್ನು ಕೂಗಿ ಕರೆಯುವಂಥದ್ದು, ಮೇಜಿನ ಮೇಲಿತ್ತು. ನಾನು ಬ್ಯಾಗು ಕೆಳಗಿಡುವಷ್ಟರಲ್ಲಿ ಕಿಟಕಿ ಬಳಿಯ ಒಬ್ಬಳು ಎದ್ದು ನಿಂತು ಕೂಗಿದಳು: "ಸಿಗ್ತು ಕಣಕ್ಕಾ! ಎರಡು ಬಾಟ್ಲಿ ಒಟ್ಗೆ ಖಾಲಿಯಾದ್ರೆ ಒಂದ್ಕೇ ಕೂಗ್ತದೆ!"

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಜಯಶೀಲಕ್ಕ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು. ಇನ್ನೂ ಯಾವ ವಾರ್ಡಿಗೂ ಹೋಗದ ಯಂತ್ರ, ಇನ್ನೂ ಯಾವ ಹಾಸಿಗೆಯಲ್ಲೂ ಮಲಗದ ರೋಗಿ. ಆ ಎರಡನೆಯ ಹಾಸಿಗೆಯವರಿಗೆ ತಾವು ಉಳಿದ ಸುದ್ದಿ ಎಂದೂ ತಿಳಿಯುವುದಿಲ್ಲ. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.

"ಮೂರು ಬಾಟ್ಲಿ ಇಟ್ಟು ನೋಡಾಣ," ಎಂದೆ.